ಗಾಳಿ ಹೋದರೂ ಸ್ಪ್ರಿಂಗ್ ಹೋಗದು: ಬಿಚ್ಚುವ ಮೊದಲು ತಿಳಿಯಬೇಕಾದ ಪಾಠ

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಲಾರಿಯ ಬ್ರೇಕು, ಕಾರ್ಖಾನೆಯ ವಾಲ್ವು ಇವುಗಳ ಮಾತೇಕೆ ಎಂದು ಸದಸ್ಯ ಬಾಂಧವರಲ್ಲಿ ಕೆಲವರು ಕೇಳಬಹುದು. ಕೇಳುವುದು ಸಹಜ. ಆದರೆ ನಾವು ಬೆಳೆದದ್ದು ಅಂಗಳದಿಂದ ಪೇಟೆಗೆ ಹೋಗುವುದು ಲಾರಿಯ ಮೇಲೆ. ಬಯಲುಸೀಮೆಯ ಕುರಿಗೊಬ್ಬರ ನಮ್ಮ ತೋಟದ ಗೇಟಿಗೆ ಬರುವುದೂ ಲಾರಿಯ ಮೇಲೆಯೇ. ಆ ಲಾರಿಯ ಕೆಳಗೆ ಮಲಗಿ ಪಾನಾ ಹಿಡಿಯುವ ಹುಡುಗ ಬಹುಮಟ್ಟಿಗೆ ನಮ್ಮಂಥವರ ಮನೆಯ ಮಗನೇ ಆಗಿರುತ್ತಾನೆ. ಅವನ ಜೀವಕ್ಕೆ ಸಂಬಂಧಿಸಿದ ಒಂದು ವಿಷಯವನ್ನು ಈ ಸಂಚಿಕೆಯಲ್ಲಿ ಪಾಠವಾಗಿ ಕೊಡುತ್ತಿದ್ದೇವೆ.

ಮಂಗಳೂರಿನಿಂದ ಸೊಲ್ಲಾಪುರದವರೆಗಿನ ಹೆದ್ದಾರಿಗೆ ಹಿಂದೆ 13ನೇ ನಂಬರು ಇತ್ತು. ಕರಾವಳಿ ಮತ್ತು ಮಲೆನಾಡಿನ ಸರಕು ಚಿತ್ರದುರ್ಗ, ಹೊಸಪೇಟೆ ದಾಟಿ ವಿಜಯಪುರದ ಮೂಲಕ ಉತ್ತರಕ್ಕೆ ಹೋಗುತ್ತಿದ್ದುದು ಅದೇ ದಾರಿಯಲ್ಲಿ. ಈಗ ಚಿತ್ರದುರ್ಗದಿಂದ ವಿಜಯಪುರದವರೆಗಿನ ಭಾಗಕ್ಕೆ 50 ಎಂದೂ, ಅಲ್ಲಿಂದ ಸೊಲ್ಲಾಪುರದ ಕಡೆಗೆ 52 ಎಂದೂ ನಂಬರು ಬದಲಾಗಿದೆ. ನಂಬರು ಬದಲಾದರೂ ಲಾರಿಗಳ ಓಡಾಟ ಬದಲಾಗಿಲ್ಲ. ಗೋಳಗುಮ್ಮಟ ದೂರದಿಂದಲೇ ಕಾಣುವ ಆ ಬಯಲಿನಲ್ಲಿ ಲಾರಿಗಳು ತಂಗುತ್ತವೆ. ತಿಕೋಟ, ಬಬಲೇಶ್ವರ ಕಡೆಯ ದ್ರಾಕ್ಷಿ, ಒಣದ್ರಾಕ್ಷಿ ಹೊರುವ ಲಾರಿಗಳೂ ಅಲ್ಲಿ ಕೂಡುತ್ತವೆ. ಕೆಟ್ಟ ಲಾರಿ ರಿಪೇರಿಯಾಗುವುದು ಬಹಳ ಸಲ ರಸ್ತೆಬದಿಯ ಗ್ಯಾರೇಜಿನಲ್ಲಿ, ಇಲ್ಲವೇ ಬೇವಿನ ಮರದ ನೆರಳಿನಲ್ಲಿ. ಘಟ್ಟದ ಮಳೆಯಲ್ಲಿ ತುಕ್ಕು ಹಿಡಿದದ್ದು, ಎರೆಮಣ್ಣಿನ ಧೂಳಿನಲ್ಲಿ ಕಚ್ಚಿಕೊಂಡದ್ದು, ಅಲ್ಲಿ ಅವಸರದಲ್ಲಿ ಬಿಚ್ಚಲ್ಪಡುತ್ತದೆ. ಅಪಾಯ ಇರುವುದು ಆ ಅವಸರದಲ್ಲಿ.

ಬಗ್ಗಿದ ಬಿದಿರು

ಬಿದಿರು ಮೆಳೆ ಕಡಿದವರಿಗೆ ಈ ಪಾಠದ ಅರ್ಧ ಭಾಗ ಗೊತ್ತೇ ಇದೆ. ಬೇರೆ ಗಳುಗಳ ನಡುವೆ ಸಿಕ್ಕಿ ಬಿಲ್ಲಿನಂತೆ ಬಗ್ಗಿದ ಗಳುವನ್ನು ಅನುಭವಸ್ಥನಾದ ಆಳು ನೇರವಾಗಿ ಕತ್ತಿ ಬೀಸಿ ಕಡಿಯುವುದಿಲ್ಲ. ಅದು ಯಾವ ಕಡೆಗೆ ಸಿಡಿದೀತು ಎಂದು ನೋಡಿ, ಆ ಕಡೆ ನಿಲ್ಲದೆ, ಬಿಗಿ ಇಳಿಸಿ ಕಡಿಯುತ್ತಾನೆ. ಬಿದಿರು ಅಲುಗಾಡದೆ ನಿಂತಿದ್ದರೂ ಅದರೊಳಗೆ ಬಲ ತುಂಬಿದೆ ಎಂದು ಅವನ ಕಣ್ಣಿಗೆ ಕಾಣುತ್ತದೆ.

ಉಕ್ಕಿನ ಸ್ಪ್ರಿಂಗಿನ ತೊಂದರೆ ಎಂದರೆ ಅದು ಡಬ್ಬಿಯೊಳಗೆ ಅಡಗಿರುತ್ತದೆ. ಬಗ್ಗಿದ್ದು ಕಾಣುವುದಿಲ್ಲ, ಸದ್ದು ಮಾಡುವುದಿಲ್ಲ, ಬಿಸಿಯಾಗುವುದಿಲ್ಲ. ಗಾಳಿಯಾದರೆ ಮೀಟರಿನ ಮುಳ್ಳು ಹೇಳುತ್ತದೆ. ಬಿಟ್ಟರೆ ಸುಯ್ಯೆಂದು ಹೋಗುವುದು ಕೇಳಿಸುತ್ತದೆ. ಮುಳ್ಳು ಸೊನ್ನೆಗೆ ಬಂದರೆ ನಿಶ್ಚಿಂತೆ. ಸ್ಪ್ರಿಂಗಿಗೆ ಮೀಟರ್ ಇಲ್ಲ. ಗಾಳಿಯ ಮುಳ್ಳು ಸೊನ್ನೆಯಲ್ಲಿದ್ದಾಗಲೂ ಸ್ಪ್ರಿಂಗ್ ತುಂಬಿದ ಕೋವಿಯಂತೆ ಕೂತಿರುತ್ತದೆ. “ಗಾಳಿ ಬಿಟ್ಟಿದ್ದೇವೆ, ಇನ್ನೇನು ಭಯ” ಎಂಬ ಮಾತೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಅಪಾಯದ ಮಾತು. ಗಾಳಿ ಬೇರೆ, ಸ್ಪ್ರಿಂಗ್ ಬೇರೆ. ಒಂದನ್ನು ಇಳಿಸಿದರೆ ಇನ್ನೊಂದು ಇಳಿದಂತಾಗಲಿಲ್ಲ. ಈ ಲೇಖನದಲ್ಲಿ ನೆನಪಿಡಬೇಕಾದ ಮಾತು ಒಂದೇ ಇದ್ದರೆ ಅದು ಇದು.

ಬ್ರೇಕ್ ಚೇಂಬರಿನ ಒಳಗೆ

ಏರ್ ಬ್ರೇಕ್ ಇರುವ ಲಾರಿಯ ಹಿಂದಿನ ಆಕ್ಸಲ್ ಬಳಿ ಎರಡು ಡಬ್ಬಿಗಳನ್ನು ಬೆನ್ನಿಗೆ ಬೆನ್ನು ಸೇರಿಸಿದಂಥ ಉರುಟಾದ ಉಪಕರಣ ಇರುತ್ತದೆ. ಇದನ್ನು ಸ್ಪ್ರಿಂಗ್ ಬ್ರೇಕ್ ಚೇಂಬರ್ ಎನ್ನುತ್ತಾರೆ. ಗ್ಯಾರೇಜಿನಲ್ಲಿ ಕೆಲವರು ಬೂಸ್ಟರ್ ಎಂದೂ ಕರೆಯುತ್ತಾರೆ.

ಚಕ್ರದ ಬ್ರೇಕಿನ ಕಡೆಗಿರುವ ಭಾಗ ಡ್ರೈವರನ ಕಾಲಿನ ಬ್ರೇಕಿಗೆ ಸೇರಿದ್ದು. ಪೆಡಲ್ ಒತ್ತಿದಾಗ ಗಾಳಿ ಬಂದು ರಬ್ಬರಿನ ಡಯಾಫ್ರಂ ಅನ್ನು ತಳ್ಳುತ್ತದೆ, ಅದು ಸರಳನ್ನು ತಳ್ಳುತ್ತದೆ, ಬ್ರೇಕ್ ಹಿಡಿಯುತ್ತದೆ. ಇದರಲ್ಲಿ ಹಿಂದಕ್ಕೆ ಎಳೆಯುವ ಸಣ್ಣ ಸ್ಪ್ರಿಂಗ್ ಮಾತ್ರ ಇರುತ್ತದೆ.

ಹಿಂದಿನ ಭಾಗ ಹ್ಯಾಂಡ್ ಬ್ರೇಕಿನದು. ಇದರಲ್ಲಿ ದಪ್ಪ ಉಕ್ಕಿನ ದೊಡ್ಡ ಸ್ಪ್ರಿಂಗನ್ನು ಅಮುಕಿ ತುಂಬಿರುತ್ತಾರೆ. ಇಲ್ಲಿ ಕೆಲಸ ತಿರುವುಮುರುವು: ಗಾಳಿ ತುಂಬಿದರೆ ಸ್ಪ್ರಿಂಗ್ ಅಮುಕಿಕೊಂಡು ಬ್ರೇಕ್ ಬಿಡುತ್ತದೆ, ಗಾಳಿ ಹೋದರೆ ಸ್ಪ್ರಿಂಗ್ ಚಾಚಿ ಬ್ರೇಕ್ ಹಿಡಿಯುತ್ತದೆ. ಘಟ್ಟ ಇಳಿಯುವಾಗ ಗಾಳಿಯ ಪೈಪು ಒಡೆದರೂ ಲಾರಿ ತಾನೇ ನಿಲ್ಲಲಿ ಎಂದು ಮಾಡಿದ ಒಳ್ಳೆಯ ಏರ್ಪಾಡು ಇದು. ರಸ್ತೆಯ ಮೇಲೆ ಜೀವ ಉಳಿಸುವ ಇದೇ ಸ್ಪ್ರಿಂಗ್, ತಪ್ಪಾಗಿ ಬಿಚ್ಚಿದವನ ಮೇಲೆ ತಿರುಗಿ ಬೀಳುತ್ತದೆ.

ಸ್ಪ್ರಿಂಗನ್ನು ಹೊರಗೆ ಬಿಡಿಯಾಗಿ ಇಟ್ಟರೆ ಅದರ ಉದ್ದ ಡಬ್ಬಿಯ ಉದ್ದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಬ್ರೇಕ್ ಹಿಡಿದು ಚಾಚಿಕೊಂಡ ಮೇಲೂ ಅದು ಪೂರ್ತಿ ಸಡಿಲವಾಗಿರುವುದಿಲ್ಲ. ಡಬ್ಬಿಯ ಮುಚ್ಚಳ ಮುಚ್ಚಿರುವವರೆಗೂ ಅದು ಮುಚ್ಚಳವನ್ನು ತಳ್ಳುತ್ತಲೇ ಇರುತ್ತದೆ. ಲಾರಿ ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದರೂ ಅಷ್ಟೇ.

ಒಂದು ಸಣ್ಣ ಲೆಕ್ಕ

ಚೇಂಬರಿನ ಮೇಲೆ 24, 30 ಎಂಬ ಅಂಕಿಗಳಿರುತ್ತವೆ. ಅದು ಗಾಳಿ ತಳ್ಳುವ ಜಾಗದ ವಿಸ್ತೀರ್ಣ, ಚದರ ಅಂಗುಲದಲ್ಲಿ. 30ರ ಚೇಂಬರಿನಲ್ಲಿ ಚದರ ಅಂಗುಲಕ್ಕೆ 60 ಪೌಂಡಿನ ಗಾಳಿ ಸ್ಪ್ರಿಂಗನ್ನು ತಡೆದು ನಿಲ್ಲಿಸಿದೆ ಎಂದುಕೊಳ್ಳಿ. 30ನ್ನು 60ರಿಂದ ಗುಣಿಸಿದರೆ 1,800 ಪೌಂಡ್, ಎಂದರೆ 800 ಕಿಲೋಗಿಂತ ಹೆಚ್ಚು. 50 ಕಿಲೋದ 16 ಮೂಟೆಗಳನ್ನು ಒಂದರ ಮೇಲೊಂದು ಹೇರಿದಷ್ಟು ಒತ್ತಡ ಅಂಗೈಯಗಲದ ಡಬ್ಬಿಯಲ್ಲಿ ಅಡಗಿದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಅದರ ಸರಾಸರಿ ಬಲ 600 ಕಿಲೋ ಎಂದೂ, ಅದು 6 ಸೆಂಟಿಮೀಟರ್ ಚಾಚಿತು ಎಂದೂ ಇಟ್ಟುಕೊಳ್ಳಿ. ಆ ಶಕ್ತಿ 4 ಕಿಲೋ ತೂಕದ ಉಕ್ಕಿನ ಮುಚ್ಚಳವನ್ನು 9 ಮೀಟರ್ ಎತ್ತರಕ್ಕೆ, ಎಂದರೆ ಫಲ ಬಿಡುವ ಅಡಿಕೆ ಮರದ ಎತ್ತರಕ್ಕೆ ಎಸೆಯಲು ಸಾಕು. ಕೈ ಬಿಟ್ಟು ಹೊರಡುವಾಗ ಅದರ ವೇಗ ಗಂಟೆಗೆ ಸುಮಾರು 48 ಕಿಲೋಮೀಟರ್. ಪಾನಾ ಹಿಡಿದವನ ಮುಖ ಒಂದು ಮೊಳ ದೂರದಲ್ಲಿರುತ್ತದೆ. ಕಣ್ಣು ಮಿಟುಕಿಸುವ ಹೊತ್ತೂ ಸಿಗುವುದಿಲ್ಲ. ಹೀಗಾಗಿಯೇ ಈ ಚೇಂಬರ್ ಸಿಡಿದು ಹಲವು ದೇಶಗಳಲ್ಲಿ ಮೆಕ್ಯಾನಿಕರು ಸತ್ತಿದ್ದಾರೆ. ತಯಾರಕರು ಡಬ್ಬಿಯ ಮೇಲೆಯೇ ಎಚ್ಚರಿಕೆ ಅಚ್ಚೊತ್ತುತ್ತಾರೆ. ಮಣ್ಣು, ಗ್ರೀಸು ಮೆತ್ತಿದ ಮೇಲೆ ಆ ಅಕ್ಷರ ಓದುವವರಿಲ್ಲ.

ಬಿಚ್ಚುವ ಕ್ರಮ

ಮೊದಲು ಒಂದು ಮಾತು. ಸ್ಪ್ರಿಂಗ್ ಇರುವ ಹಿಂದಿನ ಡಬ್ಬಿಯನ್ನು ರಸ್ತೆಯಲ್ಲಾಗಲಿ ತೋಟದಲ್ಲಾಗಲಿ ಬಿಚ್ಚುವುದೇ ಇಲ್ಲ. ಅದು ಕೆಟ್ಟರೆ ಇಡೀ ಚೇಂಬರನ್ನು ಬದಲಾಯಿಸುವುದು ಸರಿಯಾದ ರಿಪೇರಿ. ಈಗ ಬರುವ ಅನೇಕ ಚೇಂಬರುಗಳ ಅಂಚನ್ನು ತಿರುಗಿಸಿ ಮಡಿಸಿ ಮುಚ್ಚಿರುತ್ತಾರೆ. ಬಿಚ್ಚಬಾರದೆಂದೇ ಹಾಗೆ ಮಾಡಿದ್ದು. ಕೆಳಗಿನ ಕ್ರಮ ಚೇಂಬರನ್ನು ಲಾರಿಯಿಂದ ಇಳಿಸುವುದಕ್ಕೆ, ಇಲ್ಲವೇ ಕಾಲು ಬ್ರೇಕಿನ ಭಾಗದ ಡಯಾಫ್ರಂ ಬದಲಿಸುವುದಕ್ಕೆ ಮಾತ್ರ.

1. ಲಾರಿ ಸಮತಟ್ಟು ನೆಲದಲ್ಲಿರಲಿ. ಚಕ್ರಗಳ ಹಿಂದೆ ಮುಂದೆ ದಪ್ಪ ಮರದ ತುಂಡು ಕೊಟ್ಟು ಭದ್ರಪಡಿಸಿ. ಸ್ಪ್ರಿಂಗನ್ನು ಕಟ್ಟಿಹಾಕಿದ ಕೂಡಲೇ ಹ್ಯಾಂಡ್ ಬ್ರೇಕ್ ಬಿಟ್ಟುಹೋಗುತ್ತದೆ ಎಂಬುದನ್ನು ಮರೆತವರು ಲಾರಿಯ ಕೆಳಗೇ ಸಿಕ್ಕಿಕೊಳ್ಳುತ್ತಾರೆ.

2. ಚೇಂಬರನ್ನು ತೊಳೆದು ಸುತ್ತ ನೋಡಿ. ಹಿಂಭಾಗದ ರಂಧ್ರಕ್ಕೆ ರಬ್ಬರಿನ ಮುಚ್ಚಳವಿದೆಯೇ? ಅದು ಕಳೆದುಹೋಗಿದ್ದರೆ ಮಳೆನೀರು, ಕೆಸರು ಒಳಗೆ ಹೋಗಿ ಸ್ಪ್ರಿಂಗ್ ತುಕ್ಕು ಹಿಡಿದಿರುತ್ತದೆ. ನಮ್ಮ ಮಲೆನಾಡಿನಲ್ಲಿ ಇದು ಸಾಮಾನ್ಯ. ತುಕ್ಕು ಹಿಡಿದ ಸ್ಪ್ರಿಂಗ್ ಮುರಿಯುತ್ತದೆ. ಮುರಿದ ಸ್ಪ್ರಿಂಗನ್ನು ಬೋಲ್ಟು ಸರಿಯಾಗಿ ಹಿಡಿಯುವುದಿಲ್ಲ. ಡಬ್ಬಿ ತಗ್ಗಾಗಿದ್ದರೆ, ಪಟ್ಟಿ ತುಕ್ಕು ತಿಂದಿದ್ದರೆ, ಅಲುಗಿಸಿದಾಗ ಒಳಗೆ ಚೂರುಗಳ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ, ಕಂಪನಿ ವರ್ಕ್‌ಶಾಪಿನವರನ್ನು ಕರೆಸಿ.

3. ಸ್ಪ್ರಿಂಗನ್ನು ಕಟ್ಟಿಹಾಕಿ. ಅನೇಕ ಚೇಂಬರುಗಳ ಪಕ್ಕದ ಜೇಬಿನಲ್ಲಿ ಟಿ ಆಕಾರದ ತಲೆಯ ಉದ್ದನೆಯ ಬೋಲ್ಟು ಇರುತ್ತದೆ. ರಬ್ಬರ್ ಮುಚ್ಚಳ ತೆಗೆದು ಅದನ್ನು ಹಿಂದಿನ ರಂಧ್ರದಲ್ಲಿ ತೂರಿಸಿ, ಬಲಕ್ಕೆ ಕಾಲು ಸುತ್ತು ತಿರುಗಿಸಿ, ಎಳೆದು ನೋಡಿ ಸಿಕ್ಕಿಕೊಂಡಿದೆ ಎಂದು ಖಚಿತಪಡಿಸಿಕೊಳ್ಳಿ. ಗಾಳಿ ಇದ್ದರೆ ತುಂಬಿ ಸ್ಪ್ರಿಂಗ್ ಅಮುಕಿಕೊಳ್ಳಲಿ. ಆಮೇಲೆ ವಾಷರ್, ನಟ್ಟು ಹಾಕಿ ಕೈಪಾನಾದಿಂದ ಬಿಗಿ ಮಾಡಿ. ಗಾಳಿಯ ಗನ್ನು ಬಳಸಬೇಡಿ. ಕೆಲವು ಮಾದರಿಗಳಲ್ಲಿ ಬೋಲ್ಟು ಹಿಂಭಾಗದಲ್ಲಿ ಕೂತೇ ಇರುತ್ತದೆ, ಅದನ್ನು ತಿರುಗಿಸಿ ಹೊರಗೆ ತರಬೇಕು. ಎಷ್ಟು ಉದ್ದ ಹೊರಗೆ ಬರಬೇಕು ಎಂಬ ಅಳತೆ ಕಂಪನಿಯ ಪುಸ್ತಕದಲ್ಲಿರುತ್ತದೆ, ಅಂದಾಜು ಸಾಲದು.

4. ಬೋಲ್ಟು ಸಿಕ್ಕಿಕೊಳ್ಳದಿದ್ದರೆ, ಅಳತೆಯಷ್ಟು ಹೊರಗೆ ಬಾರದಿದ್ದರೆ ಮುಂದುವರಿಯಬೇಡಿ.

5. ಸ್ಪ್ರಿಂಗ್ ಕಟ್ಟಿಹಾಕಿದ ಮೇಲೆ ಗಾಳಿಯನ್ನು ಪೂರ್ತಿ ಬಿಡಿ. ಕ್ರಮ ಹೀಗೆಯೇ ಇರಲಿ: ಮೊದಲು ಸ್ಪ್ರಿಂಗಿಗೆ ಬಂಧನ, ಆಮೇಲೆ ಗಾಳಿಗೆ ಬಿಡುಗಡೆ.

6. ಪೈಪು, ಸರಳು ಕಳಚಿ ಚೇಂಬರನ್ನು ಇಳಿಸಿ. ಬಿಚ್ಚುವುದಿದ್ದರೆ ಕಾಲು ಬ್ರೇಕಿನ ಕಡೆಯ ಪಟ್ಟಿ ಮಾತ್ರ. ಎರಡು ಪಟ್ಟಿಗಳೂ ನೋಡಲು ಒಂದೇ ರೀತಿ ಇರುವುದರಿಂದ ಸ್ಪ್ರಿಂಗ್ ಕಡೆಯದಕ್ಕೆ ಮೊದಲೇ ಕೆಂಪು ಬಣ್ಣ ಬಳಿದಿಡುವುದು ಒಳ್ಳೆಯದು.

7. ಸುತ್ತಿಗೆ, ಉಳಿ, ಗ್ಯಾಸ್ ಕಟ್ಟರ್ ಈ ಕೆಲಸಕ್ಕೆ ಸಲ್ಲವು. ಕಚ್ಚಿಕೊಂಡ ಬೋಲ್ಟನ್ನು ಕಾಯಿಸಿ ಬಿಡಿಸುವುದು ಬೇರೆ ಕಡೆ ಜಾಣತನ, ಇಲ್ಲಿ ಆತ್ಮಹತ್ಯೆ.

ದಾರಿಯಲ್ಲಿ ಗಾಳಿ ಸೋರಿ ಬ್ರೇಕ್ ಹಿಡಿದು ನಿಂತ ಲಾರಿಯನ್ನು ಪಕ್ಕಕ್ಕೆ ಎಳೆಸಲು ಬೋಲ್ಟು ಹಾಕಿ ಬ್ರೇಕ್ ಬಿಡಿಸಬಹುದು. ಆದರೆ ಹಾಗೆ ಬಿಡಿಸಿದ ಲಾರಿಯನ್ನು ಸರಕು ಸಮೇತ ಓಡಿಸಿಕೊಂಡು ಹೋಗುವುದು ಇನ್ನೊಂದು ಅನಾಹುತಕ್ಕೆ ದಾರಿ.

ನಿಲ್ಲುವ ಜಾಗ

ವಿಜಯಪುರ ನೋಡಿದವರು ಮಲಿಕ್-ಎ-ಮೈದಾನ್ ತೋಪನ್ನು ನೋಡಿರುತ್ತೀರಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ತೋಪು ಅದು. ಅದರ ಪಕ್ಕದಲ್ಲಿ ಒಂದು ನೀರಿನ ತೊಟ್ಟಿ ಇದೆ. ಬತ್ತಿ ಹೊತ್ತಿಸಿದ ಗೋಲಂದಾಜನು ಸದ್ದಿನ ಹೊಡೆತದಿಂದ ಪಾರಾಗಲು ಆ ನೀರಿನಲ್ಲಿ ಮುಳುಗುತ್ತಿದ್ದನೆಂದು ಅಲ್ಲಿ ಹೇಳುತ್ತಾರೆ. ಇದರಲ್ಲಿ ನಮಗೊಂದು ಬುದ್ಧಿಮಾತಿದೆ: ಬತ್ತಿಗೆ ಬೆಂಕಿ ಕೊಡುವ ಮೊದಲೇ ತಾನು ಎಲ್ಲಿರಬೇಕೆಂದು ಅವನು ಗೊತ್ತುಮಾಡಿಕೊಂಡಿದ್ದ.

ಸ್ಪ್ರಿಂಗ್ ಚೇಂಬರಿಗೂ ತೋಪಿನಂತೆ ಒಂದು ಬಾಯಿದೆ. ಅದು ಡಬ್ಬಿಯ ಉದ್ದದ ನೇರದಲ್ಲಿ, ಎರಡೂ ತುದಿಗೆ. ಆ ನೇರದಲ್ಲಿ ತಲೆ, ಎದೆ, ಕೈ ಯಾವುದೂ ಇರಬಾರದು. ಪಕ್ಕದಿಂದ ಕೆಲಸ ಮಾಡಬೇಕು. ಟಾರ್ಚ್ ಹಿಡಿದು ಬಗ್ಗಿ ನೋಡುವ ಎರಡನೆಯ ಹುಡುಗನನ್ನೂ ದೂರ ಕಳುಹಿಸಬೇಕು.

ಕಾರ್ಖಾನೆಯ ವಾಲ್ವುಗಳು

ನಮ್ಮ ಸದಸ್ಯರ ಮಕ್ಕಳಲ್ಲಿ ಐ.ಟಿ.ಐ. ಮುಗಿಸಿ ಕಾರ್ಖಾನೆ ಸೇರಿದವರಿದ್ದಾರೆ. ವಿಜಯಪುರ ಜಿಲ್ಲೆಯನ್ನೇ ತೆಗೆದುಕೊಂಡರೆ ಸಕ್ಕರೆ ಕಾರ್ಖಾನೆಗಳಿವೆ, ಹಾಲಿನ ಡೇರಿ ಇದೆ, ಕೂಡಗಿಯಲ್ಲಿ ಎನ್.ಟಿ.ಪಿ.ಸಿ.ಯ 2,400 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರವಿದೆ. ಇಂಥ ಕಡೆಗಳಲ್ಲಿ ಹಬೆ, ನೀರು, ಹಾಲು, ಕಬ್ಬಿನ ರಸ ಹರಿಯುವ ಕೊಳವೆಗಳ ವಾಲ್ವನ್ನು ಗಾಳಿಯಿಂದ ತೆರೆದು, ಗಾಳಿ ನಿಂತರೆ ಸ್ಪ್ರಿಂಗಿನಿಂದ ಮುಚ್ಚುವ ಆಕ್ಚುಯೇಟರುಗಳನ್ನು ಬಳಸುತ್ತಾರೆ. ತತ್ವ ಲಾರಿಯದೇ. ಮಕ್ಕಳಿಗೆ ಓದಿ ಹೇಳಲು ಮುಖ್ಯಾಂಶಗಳು ಇವು.

ಮೊದಲು ಕೊಳವೆಯ ಒತ್ತಡ ಇಳಿಸಿ, ಗಾಳಿಯ ಪೈಪು ಕಳಚಿ, ಬೇರೆಯವರು ಗಾಳಿ ಬಿಡದಂತೆ ಬೀಗ, ಚೀಟಿ ಹಾಕಬೇಕು. ಗಾಳಿ ಹೋಗುವಾಗ ವಾಲ್ವು ತಾನಾಗಿ ತಿರುಗುತ್ತದೆ; ಬೆರಳು ಒಳಗಿರಬಾರದು. ಅರ್ಧಕ್ಕೇ ನಿಂತಿದ್ದರೆ ಅದು ಕಚ್ಚಿಕೊಂಡಿದೆ, ಯಾವ ಗಳಿಗೆಯಲ್ಲಾದರೂ ಹಾರೀತು ಎಂದು ತಿಳಿಯಬೇಕು.

ಅಣಬೆಯಂತೆ ಅಗಲವಾದ ತಲೆಯುಳ್ಳ, ಸುತ್ತ ಬೋಲ್ಟುಗಳಿರುವ ಡಯಾಫ್ರಂ ಮಾದರಿಯಲ್ಲಿ, ಸ್ಪ್ರಿಂಗ್ ಸಡಿಲಿಸುವ ತಿರುಪಿದ್ದರೆ ಮೊದಲು ಅದನ್ನು ಸಡಿಲಿಸಬೇಕು. ಅನೇಕ ಮಾದರಿಗಳಲ್ಲಿ ಕೆಲವು ಬೋಲ್ಟು ಮಾತ್ರ ಬೇಕೆಂದೇ ಉದ್ದವಾಗಿರುತ್ತವೆ. ಗಿಡ್ಡ ಬೋಲ್ಟುಗಳನ್ನು ಮೊದಲು ತೆಗೆದು, ಉದ್ದನೆಯವನ್ನು ಸರದಿಯಂತೆ ಸ್ವಲ್ಪ ಸ್ವಲ್ಪ ಸಡಿಲಿಸಿದರೆ ಸ್ಪ್ರಿಂಗ್ ನಿಧಾನವಾಗಿ ಚಾಚಿ ಸುಮ್ಮನಾಗುತ್ತದೆ. ಉದ್ದ ಬೋಲ್ಟು ಕಳೆಯಿತೆಂದು ಗಿಡ್ಡದನ್ನು ಹಾಕಿ ಮುಚ್ಚುವವನು, ಮುಂದಿನ ಸಲ ಬಿಚ್ಚುವವನಿಗೆ ಗುಂಡಿ ತೋಡಿದಂತೆ.

ಚೌಕಾಕಾರದ ಅಲ್ಯುಮಿನಿಯಂ ಮಾದರಿಯಲ್ಲಿ ಎರಡು ತುದಿಯ ಮುಚ್ಚಳಗಳ ಹಿಂದೆ ಸ್ಪ್ರಿಂಗುಗಳಿರುತ್ತವೆ. ಆಕ್ಚುಯೇಟರನ್ನು ವಾಲ್ವಿನಿಂದ ಇಳಿಸಿದ ಮೇಲೆಯೇ ಮುಚ್ಚಳ ಮುಟ್ಟಬೇಕು. ಎದುರುಬದುರು ಬೋಲ್ಟುಗಳನ್ನು ಒಂದೊಂದು ಸುತ್ತಿನಂತೆ ಸಮವಾಗಿ ಬಿಡಬೇಕು. ಪುಸ್ತಕ ಹೇಳಿದಷ್ಟು ಸುತ್ತು ಬಿಟ್ಟ ಮೇಲೂ ಮುಚ್ಚಳ ತಳ್ಳುತ್ತಲೇ ಇದ್ದರೆ ಬಿಗಿ ಮಾಡಿ ನಿಲ್ಲಿಸಬೇಕು. ಸಿಕ್ಕಿಕೊಂಡ ಪಿಸ್ಟನ್ನನ್ನು ಗಾಳಿ ಕೊಟ್ಟು ಹಾರಿಸುವ ಚಾಳಿ ಕೂಡದು. ಬೆಸುಗೆ ಹಾಕಿ ಮುಚ್ಚಿದ ಸ್ಪ್ರಿಂಗ್ ಡಬ್ಬಿಯನ್ನು ತಯಾರಕರ ಹೊರತು ಯಾರೂ ತೆರೆಯಬಾರದು.

ಗುಜರಿಗೆ ಹಾಕುವಾಗ

ಇದು ನೇರವಾಗಿ ನಮಗೇ ಸಂಬಂಧಿಸಿದ್ದು. ತೋಟದ ಮೂಲೆಯಲ್ಲಿ ಬಿದ್ದ ಹಳೆಯ ಲಾರಿ, ಬದಲಾಯಿಸಿ ಬಿಸಾಡಿದ ಹಳೆಯ ಚೇಂಬರ್ ಗುಜರಿಯವನ ತಕ್ಕಡಿಗೆ ಬರೀ ಕಬ್ಬಿಣ. ಅವನು ಅದನ್ನು ಗ್ಯಾಸ್ ಕಟ್ಟರಿನಿಂದ ಕೊಯ್ಯುತ್ತಾನೆ. ಒಳಗಿನ ಸ್ಪ್ರಿಂಗ್ ಹಳೆಯದಾಗಿರಬಹುದು, ಅದರ ಬಲ ಮುದಿಯಾಗಿರುವುದಿಲ್ಲ. ಸಂಘದ ವತಿಯಿಂದ ನಮ್ಮ ವಿನಂತಿ: ಯಾವ ಸ್ಪ್ರಿಂಗ್ ಚೇಂಬರನ್ನೂ ಹಾಗೆಯೇ ಗುಜರಿಗೆ ಕೊಡಬೇಡಿ. ಹೊಸದು ಕೊಂಡ ಅಂಗಡಿಗೆ ಅಥವಾ ಕಂಪನಿ ವರ್ಕ್‌ಶಾಪಿಗೆ ಒಪ್ಪಿಸಿ, ಸ್ಪ್ರಿಂಗಿನ ಬಲ ಕಳೆದ ಮೇಲೆಯೇ ಕಬ್ಬಿಣವಾಗಿ ಮಾರಿ. ಎರಡು ಕಿಲೋ ಕಬ್ಬಿಣದ ಆಸೆಗೆ ಒಂದು ಮನೆಯ ದೀಪ ಆರಬಾರದು.

ಮನೆಯ ಯಂತ್ರಗಳು

ಇದೇ ನಿಯಮ ಸಣ್ಣದರಲ್ಲಿ ನಮ್ಮ ಮನೆಯಲ್ಲೂ ಇದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಪವರ್ ಸ್ಪ್ರೇಯರಿನ ಒತ್ತಡ ಹೆಚ್ಚು ಕಡಿಮೆ ಮಾಡುವ ಭಾಗದಲ್ಲಿ ಸ್ಪ್ರಿಂಗ್ ಇರುತ್ತದೆ. ಇಂಜಿನ್ ನಿಲ್ಲಿಸಿ, ಗನ್ ಒತ್ತಿ ಪೈಪಿನ ಒತ್ತಡ ಇಳಿಸಿ, ತಿರುಪನ್ನು ಪೂರ್ತಿ ಸಡಿಲಿಸಿದ ಮೇಲೆ ಬಿಚ್ಚಿ. ಕಳೆ ಕೊಚ್ಚುವ ಯಂತ್ರದ ಹಗ್ಗದ ಸ್ಟಾರ್ಟರಿನಲ್ಲಿ ಸುರುಳಿ ಸುತ್ತಿದ ಪಟ್ಟಿ ಸ್ಪ್ರಿಂಗ್ ಇದೆ; ಅದು ಸಿಡಿದರೆ ಕಣ್ಣಿಗೆ ಅಪಾಯ. ಕನ್ನಡಕ ಹಾಕಿ, ಹಗ್ಗದ ಬಿಗಿ ಇಳಿಸಿ ಕೈ ಹಾಕಿ.

ಹೊಣೆ ಯಾರದು?

ಮೆಕ್ಯಾನಿಕನಿಗೆ ಗೊತ್ತಿರಬೇಕು, ನಮಗೇಕೆ ಎನ್ನುವಂತಿಲ್ಲ. ಅವನಿಗೆ ಕ್ರಮ ಗೊತ್ತಿದ್ದರೂ ಬೋಲ್ಟು ಹುಡುಕದೆ ಉಳಿ ಎತ್ತಿಕೊಳ್ಳುವಂತೆ ಮಾಡುವುದು, “ಸಂಜೆಯೊಳಗೆ ಲಾರಿ ಹೊರಡಬೇಕು” ಎಂಬ ನಮ್ಮ ಫೋನು. ಹೊಸ ಚೇಂಬರಿಗೆ ಹಣ ಕೊಡಲು ಹಿಂದೆಮುಂದೆ ನೋಡಿ “ಹಳೆಯದನ್ನೇ ಹೇಗಾದರೂ ಸರಿಮಾಡು” ಎನ್ನುವವರೂ ನಾವೇ. ಒಂದು ದಿನ ತಡವಾಗಿ ಹೋದ ಅಡಿಕೆ ಅಡಿಕೆಯಾಗಿಯೇ ಉಳಿಯುತ್ತದೆ. ಧಾರಣೆ ಇಳಿದರೆ ಮತ್ತೆ ಏರೀತು. ಹೋದ ಕಣ್ಣಾಗಲಿ, ಜೀವವಾಗಲಿ ಹಾಗಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ಈ ವಿಷಯದಲ್ಲಿ ನಿಜಮಾಡುವುದು ಬೇಡ.

ಆದಕಾರಣ ಲಾರಿ ಇರುವ ಸದಸ್ಯರು, ಲಾರಿ ಬಾಡಿಗೆಗೆ ಹಿಡಿಯುವ ಸದಸ್ಯರು ಮೂರು ಕೆಲಸ ಮಾಡಬೇಕಾಗಿ ಕೋರುತ್ತೇವೆ. ಮೊದಲನೆಯದು, ಮಳೆಗಾಲಕ್ಕೆ ಮುಂಚೆ ಚೇಂಬರಿನ ರಬ್ಬರ್ ಮುಚ್ಚಳ ಮತ್ತು ಜೇಬಿನ ಬೋಲ್ಟು ಇವೆಯೇ ಎಂದು ಡ್ರೈವರನ ಜೊತೆ ನಿಂತು ನೋಡುವುದು. ಎರಡನೆಯದು, ಸ್ಪ್ರಿಂಗ್ ಡಬ್ಬಿಯನ್ನು ಬಿಚ್ಚಿಸದೆ ಬದಲಾಯಿಸಲು ಡ್ರೈವರನಿಗೆ ಮುಂಚಿತವಾಗಿ ಒಪ್ಪಿಗೆ ಕೊಟ್ಟಿರುವುದು. ದೂರದ ಊರಿನಲ್ಲಿ ಅವನು ನಮ್ಮ ಅಪ್ಪಣೆಗಾಗಿ ಕಾಯುವಂತಾಗಬಾರದು. ಮೂರನೆಯದು, ಈ ಲೇಖನದ ಕ್ರಮವನ್ನು ಡ್ರೈವರ್, ಕ್ಲೀನರ್ ಇಬ್ಬರಿಗೂ ಓದಿ ಹೇಳುವುದು. ಓದಲು ಬರುವವರಿದ್ದರೆ ಈ ಪುಟವನ್ನು ಕತ್ತರಿಸಿ ಕ್ಯಾಬಿನ್ನಿನಲ್ಲಿ ಅಂಟಿಸಲು ಕೊಡಿ. ಹೆಚ್ಚಿನ ಪ್ರತಿ ಬೇಕಾದವರಿಗೆ ಸಂಘದ ಕಛೇರಿಯಲ್ಲಿ ದೊರೆಯುತ್ತದೆ.